ಕಡ್ಡಿಗೆ ಗುಂಡನ ಪಾಲು

ದಪ್ಪ ತಳಿಯ ಗುಂಡನಿಗೂ ಸಣಕಲು ತಳಿಯ ಕಡ್ಡಿಗೂ ಒಂದೇ ಅಳತೆಯ ಫೀಡ್ ಹಾಕಿ, ಯಾವ ಹಂದಿ ಮಾಂಸ ಕಟ್ಟುತ್ತದೆ, ಯಾವುದು ಕೊಬ್ಬು ಕಟ್ಟುತ್ತದೆ ಎಂದು ನೋಡುವುದು ಮಗಳ ಪ್ರಯೋಗ. ಅದು ಕೆಟ್ಟರೆ ಪದವಿಯೂ ಕೈತಪ್ಪಿದಂತೆ. ಫೀಡ್ ಹಾಕುವ ಕೆಲಸ ಮಾತ್ರ ಅಮ್ಮನದು.

ಒಂದು ಬೆಳಿಗ್ಗೆ ಮಗಳು ದೊಡ್ಡಿಗೆ ಬಂದರೆ, ಅಮ್ಮ ಗುಂಡನ ತೊಟ್ಟಿಯಿಂದ ಬಾಚಿ ಕಡ್ಡಿಯ ತೊಟ್ಟಿಗೆ ಸುರಿಯುತ್ತಿದ್ದಳು.

“ಅಯ್ಯೋ ಅಮ್ಮಾ! ಯಾವಾಗಿಂದ ಹೀಗೆ?”

“ಮೊದಲಿಂದ್ಲೂ. ಪಾಪ, ಬಂದಾಗ ಇದರ ಎಲುಬು ಎಣಿಸಬಹುದಿತ್ತು ಕಣೇ. ಅವನು ಗಾಳಿ ಕುಡಿದ್ರೂ ಊದ್ಕೋತಾನೆ. ನಿನ್ನ ತಟ್ಟೆಯಿಂದ ತೆಗೆದು ನಿನ್ನ ಸಣಕಲು ತಮ್ಮನಿಗೂ ಹೀಗೇ ತಾನೆ ಬಡಿಸಿದ್ದು?”

ಮಗಳು ತಲೆ ಮೇಲೆ ಕೈ ಹೊತ್ತು ಕೂತಳು. ಆಮೇಲೆ ಎದ್ದು, ಕೊಬ್ಬು ಅಳೆಯುವ ಯಂತ್ರವನ್ನು ಎರಡರ ಬೆನ್ನಿಗೂ ಒತ್ತಿದಳು. ಹೊಟ್ಟೆ ಬಿರಿಯೆ ತಿಂದ ಕಡ್ಡಿಯ ಮೈಯೆಲ್ಲ ಮಾಂಸಖಂಡ; ಅರೆಹೊಟ್ಟೆಯ ಗುಂಡನ ಚರ್ಮದಡಿ ಮೂರು ಬೆರಳು ಕೊಬ್ಬು!

ಪ್ರಯೋಗ ನೀರಲ್ಲಿ ಹೋಮವಾಗಿತ್ತು. ಆದರೂ ಅವಳ ದುಂಡು ಮುಖ ಅರಳಿತು.

“ಇಷ್ಟು ವರ್ಷ ‘ಕದ್ದು ತಿಂತೀಯ’ ಅಂತ ನನ್ನ ಬೈದ್ಯಲ್ಲ, ನೋಡೀಗ!”

“ಸರಿ ಮಹಾರಾಯ್ತಿ, ಈಗೇನು ಮಾಡ್ತೀಯ?”

“ಹೊಸ ಮರಿಗಳನ್ನ ತಂದು ಮತ್ತೆ ಶುರು ಮಾಡ್ತೀನಿ. ಫೀಡ್ ನಾನೇ ಹಾಕ್ತೀನಿ. ನೀನು ಒಳಗೆ ನಡಿ, ತಮ್ಮನಿಗೆ ಬಡಿಸ್ದಷ್ಟೇ ನನಗೂ ಬಡಿಸು.”