ನಲವತ್ತೊಂದು ಸೊನ್ನೆ

ಮಿಷನಕ್ಕ ಹೊರಗೆ ಬರುವಷ್ಟರಲ್ಲಿ ಅವಳ ಕಾರಿನ ಮೂತಿ ಆಗಲೇ ನೆಲ ಬಿಟ್ಟಿತ್ತು. ಎಳೆದೊಯ್ಯುವ ಲಾರಿಯ ಕೊಕ್ಕೆ ಮುಂದಿನ ಚಕ್ರಗಳ ನಡುವೆ ಸಿಕ್ಕಿಕೊಂಡು ಕಿರ್ರೆನ್ನುತ್ತಿತ್ತು. ಬಟ್ಟೆ ಕಾರ್ಖಾನೆಯ ಬಾಗಿಲಿನ ಮೂರು ಮೆಟ್ಟಿಲನ್ನು ಒಂದೇ ಊರುಗೋಲಿನ ಮೇಲೆ ಇಳಿಯುವುದು ಹುಡುಗಾಟವಲ್ಲ. ಇನ್ನೊಂದು ಕೋಲು ಕಾರಿನಲ್ಲೇ ಇತ್ತು. ಕೆಲಸದ ಹೊತ್ತಿನಲ್ಲಿ ಅವಳಿಗೆ ಒಂದೇ ಕೋಲು, ಇನ್ನೊಂದು ಕೈಗೆ ಸಲಕರಣೆಯ ಪೆಟ್ಟಿಗೆ.

"ಏಯ್! ನಿಲ್ಸಿ! ಯಾರ ಗಾಡಿ ಅಂದ್ಕೊಂಡಿದೀರಿ ಅದು?"

ಲಾರಿಯ ಪಕ್ಕ ನಿಂತಿದ್ದ ಸಮವಸ್ತ್ರದವನು ಕೈಯಲ್ಲಿದ್ದ ಯಂತ್ರದಿಂದ ಕಣ್ಣನ್ನೇ ಎತ್ತಲಿಲ್ಲ. "ರಸ್ತೆ ತೆರಿಗೆ ಬಾಕಿ."

"ನನ್ನ ಗಾಡಿಗೆ ತೆರಿಗೆನೇ ಇಲ್ಲ ಕಣಪ್ಪ. ಕಾಲಿಲ್ಲದವರ ಗಾಡಿ. ಗಾಜಿನ ಮೇಲೆ ಚೀಟಿ ಅಂಟಿಸಿದೆ, ಕಣ್ಣು ಕಾಣಲ್ವಾ?"

"ಚೀಟಿ ಎಲ್ಲಾ ರದ್ದಾಯ್ತಮ್ಮ, ಈ ತಿಂಗಳು ಒಂದನೇ ತಾರೀಕಿಂದ. ಈಗೆಲ್ಲ ಕ್ಯಾಮೆರಾ. ಅದು ನಂಬರ್ ನೋಡುತ್ತೆ, ಬಾಕಿ ಅನ್ನುತ್ತೆ, ನಾವು ಎತ್ತುತೀವಿ. ಏನಿದ್ರೂ ಆಫೀಸಲ್ಲಿ ಕೇಳ್ಕೊಳಿ."

"ನನ್ನ ಇನ್ನೊಂದು ಕೋಲಾದ್ರೂ ಕೊಟ್ಟು ಹೋಗೋ!"

ಅಷ್ಟರಲ್ಲಿ ಅವನು ಲಾರಿ ಹತ್ತಿಯಾಗಿತ್ತು. ಹಿಂದಿನ ಎರಡು ಚಕ್ರದ ಮೇಲೆ ಕುಂಟುತ್ತ ಕಾರು ಬೀದಿಯ ತಿರುವಿನಲ್ಲಿ ಮರೆಯಾಯಿತು. ಮಿಷನಕ್ಕ ಎಣ್ಣೆ ಮೆತ್ತಿದ ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದುಕೊಂಡು ನಡುಬೀದಿಯಲ್ಲಿ ನಿಂತುಬಿಟ್ಟಳು. ಕಾರ್ಖಾನೆಯ ಕಿಟಕಿಗಳಲ್ಲಿ ಹೊಲಿಯುವ ಹೆಂಗಸರ ತಲೆಗಳು ಕಂಡವು. ಯಾರೋ "ಅಯ್ಯೋ ಪಾಪ" ಅಂದರು. ಲಾರಿಯವನು ಮಾಡಿದ್ದಕ್ಕಿಂತ ಆ ಮಾತಿಗೇ ಅವಳ ಮೈ ಹೆಚ್ಚು ಉರಿಯಿತು.

ಪಾಪ ಅನ್ನಿಸಿಕೊಳ್ಳುವುದನ್ನು ಅವಳು ಹತ್ತನೇ ವಯಸ್ಸಿಗೇ ಮುಗಿಸಿದ್ದಳು. ಅಲ್ಲಿಯವರೆಗೆ ಸೋದರಮಾವ ಸೊಂಟದ ಮೇಲೆ ಹೊತ್ತು ಶಾಲೆಗೆ ಬಿಡುತ್ತಿದ್ದ. ದಾರಿಯುದ್ದಕ್ಕೂ ಜನ ಅವಳನ್ನು ನೋಡಿ ಪಾಪ ಅನ್ನುವುದು, ಮಾವನನ್ನು ನೋಡಿ ಪುಣ್ಯಾತ್ಮ ಅನ್ನುವುದು. ಒಂದು ದಿನ "ಇನ್ನು ನನ್ನ ಯಾರಾದ್ರೂ ಎತ್ತಿದ್ರೆ ಕಚ್ಚಿಬಿಡ್ತೀನಿ" ಎಂದಳು. ಮಾವನಿಗೆ ನಿಜವಾಗಿಯೂ ಕಚ್ಚಿದ್ದಳು. ಲೇತ್ ಕೆಲಸದ ಅಪ್ಪ ನಗುನಗುತ್ತಲೇ ಮಗಳ ಮಾತನ್ನು ಮನಸ್ಸಿಗೆ ಹಾಕಿಕೊಂಡಿದ್ದರು. ಅವಳು ಹೊಲಿಗೆ ಯಂತ್ರದ ರಿಪೇರಿ ಕಲಿತು ನಾಲ್ಕು ಕಾಸು ಕಾಣತೊಡಗಿದ ಮೇಲೆ ಒಂದು ಹಳೇ ಕಾರು ತಂದು, ಬ್ರೇಕು, ಕ್ಲಚ್ಚು, ಆಕ್ಸಿಲರೇಟರು ಮೂರಕ್ಕೂ ಕೈಯಲ್ಲಿ ಒತ್ತುವ ಉಕ್ಕಿನ ಹಿಡಿಕೆ ಮಾಡಿಕೊಟ್ಟರು. ಹದಿನೇಳು ವರ್ಷದಿಂದ ಆ ಹಿಡಿಕೆಗಳೇ ಅವಳ ಕಾಲು. ಮೂವತ್ತು ಮನೆ, ಆರು ಕಾರ್ಖಾನೆ, ಎಲ್ಲಿ ಸೂಜಿ ನಿಂತರೂ ಮಿಷನಕ್ಕ ಹಾಜರು. ಕಾರಿಲ್ಲದಿದ್ದರೆ? ಮತ್ತೆ ಯಾರದಾದರೂ ಸೊಂಟ ಹುಡುಕಬೇಕು. ಆಟೋದವನು ಆಗಲೇ ಬಂದು "ಎತ್ತಿ ಕೂರಿಸ್ಲಾ ಅಕ್ಕ?" ಎಂದಿದ್ದ. ಅವನಿಗೂ ಬಿತ್ತು ನಾಲ್ಕು ಮಾತು.

ಮರುದಿನ ಬೆಳಿಗ್ಗೆ ತೆರಿಗೆ ಕಚೇರಿಗೆ ಹೋದರೆ ಅಲ್ಲಿ ಕಿಟಕಿಯೇ ಇಲ್ಲ! ಹಿಂದೆ ಜನ ಸಾಲು ನಿಲ್ಲುತ್ತಿದ್ದ ಕೌಂಟರಿಗೆ ಪ್ಲೈವುಡ್ ಹೊಡೆದು, ಮೇಲೆ "ಎಲ್ಲ ಸೇವೆಗಳೂ ಈಗ ನಿಮ್ಮ ಬೆರಳ ತುದಿಯಲ್ಲಿ" ಎಂದು ಬರೆದಿದ್ದರು. ಪಕ್ಕದಲ್ಲಿ ನಗುತ್ತಿರುವ ಒಂದು ಕುಟುಂಬದ ಚಿತ್ರ. ತೆರಿಗೆ ಕಟ್ಟಿ ಯಾರು ಹಾಗೆ ನಗುತ್ತಾರೋ! ಮೆಟ್ಟಿಲಿನ ಬುಡದಲ್ಲಿ ಒಂದು ಪುಟ್ಟ ಮೇಜು, "ಸಹಾಯ" ಎಂಬ ಫಲಕ, ಅದರ ಹಿಂದೆ ಹಳೇ ಗುಮಾಸ್ತರು. ಇದೇ ಕೌಂಟರಿನ ಹಿಂದೆ ಕೂದಲು ಬೆಳ್ಳಗಾದವರು. ವರ್ಷಕ್ಕೊಮ್ಮೆ ಅವಳ ಚೀಟಿಯನ್ನು ಅಂಚೆಯಲ್ಲಿ ತಪ್ಪದೆ ಕಳಿಸುತ್ತಿದ್ದವರು. ಅವಳನ್ನು ಕಂಡಕೂಡಲೇ ಅವರು ಎದ್ದು ನಿಂತರು, ಕುರ್ಚಿ ಎಳೆದರು, ಬೆವರು ಒರೆಸಿಕೊಂಡರು.

"ನಿನ್ನೆ ನನ್ನ ಗಾಡಿ ಎತ್ಕೊಂಡು ಹೋದ್ರು ಸಾರ್. ಬಾಕಿ ಅಂತೆ. ನನ್ನ ತೆರಿಗೆ ಎಷ್ಟು ಹೇಳಿ?"

"ಸೊನ್ನೆ ಅಮ್ಮ."

"ಮತ್ತೆ ಬಾಕಿ ಎಷ್ಟು?"

"ಸೊನ್ನೆ."

"ಸೊನ್ನೆ ಬಾಕಿ ಇದೆ ಅಂತ ಗಾಡಿ ಎತ್ತಿದ್ರಾ?"

"ಸೊನ್ನೆ ಆದ್ರೂ ಕಟ್ಟಬೇಕಮ್ಮ. ವರ್ಷ ವರ್ಷ ಕಟ್ಟಬೇಕು. ವೆಬ್‌ಸೈಟ್ ಒಳಗೆ ಹೋಗಿ, ನಿಮ್ಮ ಗಾಡಿ ನಂಬರ್ ಹಾಕಿ, ಸೊನ್ನೆ ಪಾವತಿ ಅಂತ ಒತ್ತಬೇಕು. ಒತ್ತದಿದ್ರೆ ಕಂಪ್ಯೂಟರಿಗೆ ಬಾಕಿ ಅಂತಲೇ ಲೆಕ್ಕ."

ಅವಳಿಗೆ ನಗಬೇಕೋ ಮೇಜು ಮಗುಚಬೇಕೋ ತಿಳಿಯಲಿಲ್ಲ. ಅಲ್ಲ, ಇಲ್ಲದ್ದನ್ನು ಕೊಡುವುದು ಹೇಗೆ, ಕೊಡಲಿಲ್ಲವೆಂದು ಹಿಡಿಯುವುದು ಹೇಗೆ! "ಯಾವ ಪುಣ್ಯಾತ್ಮನ ತಲೆಗೆ ಹೊಳೀತು ಸಾರ್ ಇದು? ಹದಿನೇಳು ವರ್ಷದಿಂದ ನಾನು ಸೊನ್ನೆನೂ ಕಟ್ಟಿಲ್ಲ, ಒಂದೂ ಕಟ್ಟಿಲ್ಲ. ಚೀಟಿ ತಾನಾಗಿ ಮನೆಗೆ ಬರ್ತಿತ್ತು. ಆಗೆಲ್ಲ ಯಾಕೆ ಯಾರೂ ಕೇಳ್ಲಿಲ್ಲ?"

ಗುಮಾಸ್ತರು ಮೇಜಿನ ಮೇಲಿದ್ದ ಕರಪತ್ರಗಳ ಕಟ್ಟನ್ನು ನೇರ ಮಾಡಿದರು, ಮತ್ತೆ ಓರೆ ಮಾಡಿದರು, ಮತ್ತೆ ನೇರ ಮಾಡಿದರು.

"ಸಾರ್, ನಿಮ್ಮನ್ನೇ ಕೇಳ್ತಿರೋದು."

"ತಾನಾಗಿ ಬರ್ತಿರಲಿಲ್ಲಮ್ಮ," ಎಂದರು ಅವರು ಕೊನೆಗೆ, ತೀರಾ ಸಣ್ಣ ದನಿಯಲ್ಲಿ. "ಅರ್ಜಿ ಹಾಕ್ಬೇಕಿತ್ತು. ಆಗಲೂ ಇತ್ತು ಅದು. ಮಾಲೀಕರು ಬಂದು, ರಿಜಿಸ್ಟರಿನಲ್ಲಿ ಸೊನ್ನೆ ಬರೆಸಿ, ಸಹಿ ಮಾಡ್ಬೇಕು ಅಂತ. ನಿಮ್ಮಂಥೋರು ನಲವತ್ತೊಂದು ಜನ ಇದ್ದೀರಿ. ಏನೂ ಇಲ್ಲದ್ದನ್ನ ಕಟ್ಟೋಕೆ ನಿಮ್ಮನ್ನೆಲ್ಲ ಇಲ್ಲೀತನಕ ಎಳೆಸೋದು ನನಗೆ ಸರಿ ಕಾಣ್ಲಿಲ್ಲ. ವರ್ಷದ ಮೊದಲ ದಿನ ಬೆಳಿಗ್ಗೆ ಬೇಗ ಬಂದು, ನಲವತ್ತೊಂದು ಸೊನ್ನೆನೂ ನಾನೇ ಬರೆದುಬಿಡ್ತಿದ್ದೆ. ಸಹೀನೂ..." ಅಷ್ಟಕ್ಕೇ ನಿಲ್ಲಿಸಿದರು.

"ನನ್ನ ಸಹಿ ನೀವು ಹಾಕ್ತಿದ್ರಾ?"

"ಹೂಂ."

"ಈ ಸಲ ಯಾಕೆ ಹಾಕ್ಲಿಲ್ಲ?"

"ಮೇಲಿನವರು ರಿಜಿಸ್ಟರು ತಗೊಂಡು ಹೋದ್ರು. ಒಂದನೇ ತಾರೀಕು ಬಂದು ನೋಡಿದ್ರೆ ನನ್ನ ಪಾಸ್‌ವರ್ಡೂ ಕೆಲಸ ಮಾಡ್ಲಿಲ್ಲ."

"ಸರಿ, ನನಗೊಂದು ಮೆಸೇಜು ಬರಬೇಕಿತ್ತಲ್ಲ. ಕಟ್ಟಿ ಅಂತ, ಇಲ್ಲಾಂದ್ರೆ ಎತ್ತುತೀವಿ ಅಂತ. ನನ್ನ ಫೋನಿಗೆ ಒಂದಾದ್ರೂ ಬಂದಿಲ್ಲ."

ಗುಮಾಸ್ತರು ಜೇಬಿನಿಂದ ತಮ್ಮ ಫೋನು ತೆಗೆದು ಮೇಜಿನ ಮೇಲಿಟ್ಟು ಅವಳ ಕಡೆ ತಳ್ಳಿದರು. ಪರದೆಯ ತುಂಬ ಒಂದೇ ಬಗೆಯ ಸಂದೇಶಗಳು. ಮೊದಲ ಸೂಚನೆ, ಎರಡನೆಯ ಸೂಚನೆ, ಅಂತಿಮ ಸೂಚನೆ. ಬೆರಳಾಡಿಸಿದಷ್ಟೂ ಬರುತ್ತಿದ್ದವು. ನಡುವೆ ಒಂದು ಕಡೆ ಅವಳ ಕಾರಿನ ನಂಬರೂ ಇತ್ತು, ಅದರ ಕೆಳಗೆ ಅವಳಿಗೆ ಕೊಟ್ಟ ಗಡುವೂ ಇತ್ತು. ಗಡುವು ಮುಗಿದು ಆರು ದಿನವಾಗಿತ್ತು.

"ಫೋನ್ ನಂಬರ್ ಕಡ್ಡಾಯ ಅಂದಾಗ ಎಲ್ಲರಿಗೂ ನನ್ನದೇ ಹಾಕಿಟ್ಟಿದ್ದೆ," ಎಂದರು ಅವರು. "ನಿಮಗೆ ಯಾಕೆ ತೊಂದರೆ ಅಂತ."

ಒಂದನೇ ತಾರೀಕಿನಿಂದ, ಇಪ್ಪತ್ತೆರಡು ದಿನ, ಈ ಮನುಷ್ಯನ ಜೇಬಿನಲ್ಲಿ ಅವಳ ಕಾರು ಟಿಣ್ ಟಿಣ್ ಸದ್ದು ಮಾಡುತ್ತ ಕೂತಿದೆ! "ಇಷ್ಟೆಲ್ಲ ಬಂದ ಮೇಲಾದ್ರೂ ಒಂದು ಫೋನ್ ಮಾಡೋಕೆ ಏನಾಗಿತ್ತು ನಿಮಗೆ?"

"ಮೇಲಿನವರಿಗೆ ಎರಡು ಸಲ ಪತ್ರ ಬರೆದೆ. ಸರಿಮಾಡ್ತಾರೆ ಅಂದ್ಕೊಂಡೆ. ನಿಮಗೆಲ್ಲ ಹೇಳೋದು ಅಂದ್ರೆ ಸಹಿ ವಿಷಯನೂ ಹೇಳ್ಬೇಕಾಗುತ್ತೆ. ನಿವೃತ್ತಿಗೆ ನಾಲ್ಕು ತಿಂಗಳಿದೆ ನನಗೆ. ವಿಚಾರಣೆ ಅಂತ ಆದ್ರೆ ಪಿಂಚಣಿ ನಿಂತುಹೋಗುತ್ತೆ." ಅವರ ಕಣ್ಣು ತುಂಬಿತ್ತು. "ಒಳ್ಳೇದಾಗ್ಲಿ ಅಂತಲೇ ಮಾಡಿದ್ದಮ್ಮ."

"ನಾನು ಕೇಳಿದ್ನಾ?" ಅವಳ ದನಿಗೆ ಪಕ್ಕದ ಬೆಂಚಿನ ಮೇಲಿದ್ದವರೆಲ್ಲ ತಿರುಗಿದರು. "ಕೇಳಿದ್ನಾ ನಾನು ನಿಮ್ಮನ್ನ? ಆ ಚೀಟಿ ಬಂದಾಗೆಲ್ಲ, ನೋಡು, ನನ್ನ ಹಕ್ಕು, ಹೇಗೆ ಮನೆಬಾಗಿಲಿಗೆ ಬರುತ್ತೆ ಅಂತ ಬೀಗ್ತಿದ್ದೆ. ಅದು ನಿಮ್ಮ ಕರುಣೆ ಅಂತ ಯಾರಿಗೆ ಗೊತ್ತಿತ್ತು? ಹತ್ತು ವರ್ಷಕ್ಕೇ ಮಾವನ ಸೊಂಟದಿಂದ ಇಳಿದೋಳು ನಾನು. ಇಲ್ಲಿ ನೋಡಿದ್ರೆ ಹದಿನೇಳು ವರ್ಷ ನೀವು ಹೊತ್ಕೊಂಡು ತಿರುಗಿದೀರಿ, ನನಗೊಂದು ಮಾತೂ ಹೇಳ್ದೆ. ಹೊತ್ತಿದ್ದೂ ಹೊತ್ತಿರಿ, ಈಗ ನಿಮ್ಮ ತಲೆ ಉಳಿಸ್ಕೊಳೋಕೆ ನಡುದಾರೀಲಿ ಕೆಳಗೆ ಹಾಕಿದ್ರಿ."

ಗುಮಾಸ್ತರು ಫೋನನ್ನು ಹತ್ತಿರ ಎಳೆದುಕೊಂಡರು. "ಎರಡೇ ನಿಮಿಷ. ಗಾಡಿ ಪುಸ್ತಕದಲ್ಲಿರೋ ಚಾಸಿ ನಂಬರ್ ಹೇಳಿ, ಅದೊಂದಿಲ್ಲದೆ ಇಷ್ಟು ದಿನ ಒತ್ತೋಕಾಗ್ಲಿಲ್ಲ. ಓಟಿಪಿ ನನ್ನ ಫೋನಿಗೇ ಬರುತ್ತೆ. ಈಗಲೇ ನಿಮ್ಮ ಸೊನ್ನೆ ಒತ್ತಿಬಿಡ್ತೀನಿ. ಮಧ್ಯಾಹ್ನಕ್ಕೆ ಗಾಡಿ ನಿಮ್ಮ ಕೈಲಿರುತ್ತೆ."

ಕಾರು ಬೇಕಿತ್ತು ಅವಳಿಗೆ. ಕಾರ್ಖಾನೆಯಲ್ಲಿ ಬಿಚ್ಚಿಟ್ಟ ಯಂತ್ರ ಹಾಗೇ ಬಿದ್ದಿತ್ತು. ಇವತ್ತು ಬರದಿದ್ದರೆ ಬೇರೆಯವರನ್ನು ಕರೆಸುತ್ತೇನೆಂದು ಮಾಲೀಕ ಬೆಳಿಗ್ಗೆಯೇ ಹೇಳಿದ್ದ. ನಂಬರ್ ಹೇಳಿ ಎರಡು ನಿಮಿಷ ಕೂತರೆ ಮುಗಿಯಿತು. ಆದರೆ ಮುಂದಿನ ವರ್ಷ? ಅದರ ಮುಂದಿನ ವರ್ಷ? ಇವರು ನಿವೃತ್ತರಾಗಿ ಮನೆಗೆ ಹೋದಾಗ ಅವಳ ಕಾರೂ ಅವರ ಜೇಬಿನಲ್ಲೇ ಹೋಗಬೇಕೇ?

"ಮುಟ್ಟಬೇಡಿ," ಎಂದಳು. "ಮೊದಲು ನನ್ನ ನಂಬರ್ ಹಾಕಿಸಿ."

"ಅದಕ್ಕೆ ಸಾಹೇಬರ ಎದುರಿಗೇ ಸಹಿ ಆಗ್ಬೇಕಮ್ಮ. ಎರಡನೇ ಮಹಡಿ. ಲಿಫ್ಟ್ ಕೆಟ್ಟು ವರ್ಷ ಆಯ್ತು. ಇಲ್ಲೇ ಇಬ್ಬರನ್ನ ಕರೀತೀನಿ, ಕುರ್ಚಿ ಸಮೇತ ಎತ್ತಿ..."

ಅವಳು ನೋಡಿದ ನೋಟಕ್ಕೆ ಆ ಮಾತು ಅಲ್ಲೇ ನಿಂತಿತು.

ಒಂದು ಕೋಲಿನಲ್ಲಿ ಆ ಎತ್ತರದ ಮೆಟ್ಟಿಲು ಹತ್ತುವಂತಿರಲಿಲ್ಲ. ಮಿಷನಕ್ಕ ಮೆಟ್ಟಿಲುಗಳಿಗೆ ಬೆನ್ನು ಹಾಕಿ ಮೊದಲನೆಯದರ ಮೇಲೆ ಕುಳಿತಳು. ಎರಡೂ ಅಂಗೈ ಹಿಂದಿನ ಮೆಟ್ಟಿಲಿಗೆ ಊರಿ, ಹಲ್ಲು ಕಚ್ಚಿ, ಮೈಯನ್ನು ಮೇಲಕ್ಕೆಳೆದುಕೊಂಡಳು. ಒಂದು. ಕಾಲುಗಳು ಅವಳ ಹಿಂದೆಯೇ ಎಳೆದುಕೊಂಡು ಬಂದವು. ಇನ್ನೊಂದು. ಫೈಲು ಹಿಡಿದವರು ಗೋಡೆಗೆ ಒತ್ತಿಕೊಂಡು ಇಳಿದುಹೋದರು. ಒಬ್ಬ ಫೋನೆತ್ತಿ ಚಿತ್ರ ತೆಗೆಯಲು ಹೊರಟಾಗ "ನಿಮ್ಮಮ್ಮಂದು ತೆಗಿ ಹೋಗು" ಎಂದಳು, ಅವನು ಫೋನು ಇಳಿಸಿದ. ನೆಲವನ್ನು ಯಾವ ಕಾಲದಲ್ಲಿ ಗುಡಿಸಿದ್ದರೋ, ಅಂಗೈಗೆ ಕಲ್ಲುಪುಡಿ ಚುಚ್ಚುತ್ತಿತ್ತು. ಬೆರಳ ತುದಿಯಲ್ಲಿ ಸೇವೆ! ಪ್ರತಿ ಮೆಟ್ಟಿಲಿಗೂ ಒಂದೊಂದು ಬೈಗುಳ ಅವಳ ಬಾಯಿಗೆ ಬಂತು, ಒಂದನ್ನೂ ನುಂಗಲಿಲ್ಲ. ಗುಮಾಸ್ತರು ಅವಳ ಕೋಲನ್ನು ಹಿಡಿದುಕೊಂಡು ಎರಡು ಮೆಟ್ಟಿಲು ಕೆಳಗೆ, ಅವಳು ಏರಿದಷ್ಟೇ ಏರುತ್ತ, ಅವಳು ನಿಂತಲ್ಲಿ ನಿಲ್ಲುತ್ತ ಬಂದರು. ಎದುರುಬದುರು ಇದ್ದರೂ ಅವಳು ಅವರ ಮುಖ ನೋಡಲಿಲ್ಲ.

ಎರಡನೇ ಮಹಡಿಯ ಸಾಹೇಬರು ಗುಮಾಸ್ತರ ಮಗನ ವಯಸ್ಸಿನವರು. ಅರ್ಜಿಯನ್ನು ಓದಿ ಹುಬ್ಬು ಗಂಟಿಕ್ಕಿದರು. "ಈಗಿರೋ ನಂಬರ್ ಯಾರದ್ದು?"

ಬಾಗಿಲ ಬಳಿ ನಿಂತಿದ್ದ ಗುಮಾಸ್ತರ ಉಸಿರು ನಿಂತದ್ದು ಅವಳಿಗೆ ಬೆನ್ನಿನಲ್ಲೇ ಗೊತ್ತಾಯಿತು.

"ನನ್ನದಲ್ಲ," ಎಂದಳು. "ನಿಮಗೆ ಅಷ್ಟು ಸಾಕಲ್ಲ? ಹಾಗೇ ಬರ್ಕೊಳಿ, ಆ ಲಿಫ್ಟನ್ನೂ ರಿಪೇರಿ ಮಾಡಿಸಿ. ನಿಮ್ಮ ಕೈಲಾಗದಿದ್ರೆ ಹೇಳಿ, ನಾನೇ ಬರ್ತೀನಿ."

ಸಹಿ ಹಾಕಿದಳು. ಹದಿನೇಳು ವರ್ಷದಲ್ಲಿ ಈ ಕಚೇರಿಯಲ್ಲಿ ಅವಳೇ ಹಾಕಿದ ಮೊದಲ ಸಹಿ. ಅವಳ ಫೋನು ಟಿಣ್ ಅಂತು. ಓಟಿಪಿಯ ಆರು ಅಂಕಿ ಒತ್ತಿದಳು. ಸೊನ್ನೆ ಪಾವತಿಯಾಗಿದೆ, ಧನ್ಯವಾದಗಳು ಎಂದು ಪರದೆ ಹೇಳಿತು. ಸಾಹೇಬರು ಕಾರು ಬಿಡುಗಡೆಯ ಕಾಗದವನ್ನು ಮುದ್ರೆ ಒತ್ತಿ ಕೊಟ್ಟರು.

ಹೊರಗೆ ಬಂದು ಅವಳು ಮೆಟ್ಟಿಲ ತುದಿಯಲ್ಲಿ ಕುಳಿತಳು. ಇಳಿಯುವ ಮುಂಚೆ ಉಸಿರು ಬೇಕಿತ್ತು. ಗುಮಾಸ್ತರು ಪಕ್ಕಕ್ಕೆ ಬಂದು ನಿಂತರು. "ನನ್ನ ಹೆಸರು ಹೇಳ್ಲಿಲ್ಲ ನೀವು," ಎಂದರು. "ನಿಮ್ಮ ಋಣ..."

"ಋಣದ ಮಾತು ಬೇಡ. ನಿಮಗೋಸ್ಕರ ಅಲ್ಲ ನಾನು ಸುಮ್ಮನಿದ್ದದ್ದು. ಉಳಿದ ನಲವತ್ತು ಜನರ ನಿಜವಾದ ನಂಬರ್ ಇದ್ಯಾ ನಿಮ್ಮ ಹತ್ರ?"

ಇತ್ತು. ಅಂಗಿಯ ಒಳಜೇಬಿನಲ್ಲಿ, ಬೆವರಿಗೆ ಮೆತ್ತಗಾದ ಒಂದು ಪುಟ್ಟ ಡೈರಿಯಲ್ಲಿ, ದುಂಡಗಿನ ಅಕ್ಷರದಲ್ಲಿ ಎಲ್ಲರ ಹೆಸರು, ಮನೆ, ಫೋನು. ಅವಳು ಮೊದಲ ಹೆಸರಿನ ನಂಬರು ಒತ್ತಿ, ಅವರಿಗೂ ಕೇಳಲೆಂದು ಸ್ಪೀಕರು ಹಾಕಿದಳು. ಒಬ್ಬ ಹೆಂಗಸು ಎತ್ತಿಕೊಂಡರು.

"ನಿಮ್ಮ ಯಜಮಾನರ ಕಾರಿನ ವಿಷಯ," ಎಂದಳು ಮಿಷನಕ್ಕ. "ಅದನ್ನ ಸದ್ಯಕ್ಕೆ ಹೊರಗೆ ತೆಗೀಬೇಡಿ."

"ಅಯ್ಯೋ, ಎತ್ಕೊಂಡು ಹೋಗಿ ಐದು ದಿನ ಆಯ್ತಲ್ಲ ತಾಯಿ. ಅಂಗಡಿ ಬಾಗಿಲೇ ತೆಗೆದಿಲ್ಲ. ನಾನು ಆಫೀಸಿಗೆ ಹೋಗಿ ಬರ್ತೀನಿ ಅಂದ್ರೂ ಇವರು ಬಿಡಲ್ಲ. ಅಲ್ಲಿ ಕೌಂಟರಿನಲ್ಲಿ ಒಬ್ಬರು ಇದ್ದಾರಂತೆ, ದೇವರಂಥ ಮನುಷ್ಯರಂತೆ. ಏನೋ ತಪ್ಪಾಗಿದೆ, ಅವರ ಕಣ್ಣಿಗೆ ಬಿದ್ದ ತಕ್ಷಣ ಸರಿಮಾಡ್ತಾರೆ, ಸುಮ್ಮನಿರು ಅಂತಾರೆ. ದಿನಾ ಬಾಗಿಲಲ್ಲಿ ಕೂತ್ಕೊಂಡು ಕಾಯ್ತಿದ್ದಾರೆ. ನೀವು ಯಾರು ಮಾತಾಡ್ತಿರೋದು?"

ಮಿಷನಕ್ಕ ಫೋನನ್ನು ಮೇಲಕ್ಕೆ, ಗುಮಾಸ್ತರ ಕಡೆಗೆ ಹಿಡಿದಳು.

"ಹಲೋ?" ಎಂದಿತು ಫೋನು. "ಹಲೋ, ಯಾರು?"

ಗುಮಾಸ್ತರ ಒಂದು ಕೈಯಲ್ಲಿ ಊರುಗೋಲಿತ್ತು, ಇನ್ನೊಂದರಲ್ಲಿ ಡೈರಿ. ಅವರು ಕೋಲನ್ನು ಗೋಡೆಗೆ ಒರಗಿಸಿದರು. ಅದು ಜಾರಿತು, ಮತ್ತೆ ಒರಗಿಸಿದರು. ಆಮೇಲೆ ಮೆಟ್ಟಿಲಿನ ಮೇಲೆ ಅವಳ ಪಕ್ಕದಲ್ಲಿ ಮೆಲ್ಲಗೆ ಕುಳಿತು ಕೈ ಚಾಚಿದರು.