ಮುಂದಿನ ಎರಡು ಗಾಲಿ

ಹಿಂದಿನ ಎರಡು ಗಾಲಿಗಳು ಡಾಂಬರಿನ ಮೇಲೆ ಕಪ್ಪು ಗೆರೆ ಎಳೆದು ನಿಂತವು. ಮುಂದಿನವು ಉರುಳುತ್ತಲೇ ಇದ್ದವು. ಗಾಡಿ ಬಾಲ ಬೀಸಿದಂತೆ ಪಕ್ಕಕ್ಕೆ ತಿರುಗಿ, ವರ್ಕ್‌ಶಾಪಿನ ಗೋಡೆಗೆ ಮುಖ ಮಾಡಿ ನಿಂತಿತು.

ಈರೇಶ ಸರ್ ಬಗ್ಗಿ ನೆಲ ನೋಡಿದರು. ಬ್ರೇಕ್ ಒತ್ತಿದಾಗ ನಾಲ್ಕೂ ಗಾಲಿ ಒಮ್ಮೆಲೇ ಹಿಡಿಯಬೇಕು. ಹಿಡಿಯದ ಗಾಡಿಯನ್ನು ಸ್ಪರ್ಧೆಯವರು ಟ್ರ್ಯಾಕಿಗೇ ಬಿಡುವುದಿಲ್ಲ. ಸಂಜೆಯೊಳಗೆ ಸರಿಯಾದರೆ ನಾಳೆ ಲಾರಿಗೆ ಏರಿಸೋಣ, ಇಲ್ಲದಿದ್ದರೆ ಈ ವರ್ಷ ನಮ್ಮ ಗಾಡಿ ಹೋಗುವುದಿಲ್ಲ ಎಂದು ಹೇಳಿ ಅವರು ಕ್ಲಾಸಿಗೆ ಹೋದರು.

ಹಳಿಯಾಳದ ಎಂಜಿನಿಯರಿಂಗ್ ಕಾಲೇಜೊಂದರ ಆಟೊಮೊಬೈಲ್ ವಿಭಾಗದ ಮೂರನೇ ವರ್ಷದವರು ಕಟ್ಟಿದ ಒಂಟಿ ಸೀಟಿನ ಗಾಡಿ ಅದು. ಕೊಳವೆಗಳನ್ನು ಬೆಸೆದು ಮಾಡಿದ ಚೌಕಟ್ಟು, ಮೋಟರ್‌ಸೈಕಲ್ಲಿನ ಬ್ರೇಕು. ವಿದ್ಯಾರ್ಥಿಗಳು ತಾವೇ ಕಟ್ಟಿದ ಗಾಡಿಗಳನ್ನು ಕೆಸರಿನಲ್ಲಿ ಓಡಿಸುವ ಸ್ಪರ್ಧೆಗೆಂದು ಅದನ್ನು ಸಿದ್ಧಪಡಿಸಿದ್ದರು. ಬ್ರೇಕಿನ ಲೆಕ್ಕವೆಲ್ಲ ಅಸ್ಮಾಳದು. ತಾಲ್ಲೂಕಿನ ಕಾಡಂಚಿನ ಸಿದ್ದಿ ಸಮುದಾಯದ ಊರಿನಿಂದ ಬಂದ ಹುಡುಗಿ. ಗಾಡಿ ನಿಲ್ಲಿಸುವುದನ್ನು ಕಲಿಯಲು ನಾಲ್ಕು ವರ್ಷ ಬೇಕೇ, ಎಮ್ಮೆ ತಾನಾಗಿಯೇ ನಿಲ್ಲುತ್ತದಲ್ಲ ಎಂದು ಅವಳ ಚಾಚಾ ರಫೀಕ ಮನೆಗೆ ಹೋದಾಗಲೆಲ್ಲ ಕಾಡುತ್ತಿದ್ದ.

ಗಾಡಿ ಓಡಿಸುವವನು ಶಿವಲಿಂಗ. ಹೆಲ್ಮೆಟ್ ತೆಗೆಯುತ್ತಲೇ ಹೇಳಿದ: "ಲೆಕ್ಕ ತಪ್ಪೈತಿ, ಅಸ್ಮಾ. ಮುಂದಿನವಕ್ಕ ಒತ್ತಡ ಸಾಲೂದಿಲ್ಲ. ಕಂಬಿ ಸರಿಸು."

ಪೆಡಲಿನ ಹಿಂದೆ ಒಂದು ಅಡ್ಡಕಂಬಿ ಇತ್ತು. ಕಾಲಿನ ಒತ್ತಡದಲ್ಲಿ ಮುಂದಿನ ಗಾಲಿಗೆಷ್ಟು, ಹಿಂದಿನದಕ್ಕೆಷ್ಟು ಎಂದು ಹಂಚುವುದು ಅದರ ಕೆಲಸ. ಗಾಲಿ ಬಿಚ್ಚಿ ನೋಡಿ ಆಮೇಲೆ ಸರಿಸುತ್ತೇನೆಂದು ಅಸ್ಮಾ ಹೇಳಿದಳು. ಬೇಗ ನೋಡು ಎಂದು ಹುಡುಗರು ಚಹಾ ಕುಡಿಯಲು ಹೋದರು.

ಮುಂದಿನ ಬಲಗಾಲಿ ಕಳಚಿದಾಗ ಬ್ರೇಕಿನ ಡಿಸ್ಕ್ ಬಿಲ್ಲೆ ಮಿರುಗುತ್ತಿತ್ತು. ಬೆರಳಿಟ್ಟಳು, ಜಾರಿತು. ಬ್ರೇಕ್ ಆಯಿಲ್ ಸೋರಿರಬಹುದೆಂದು ಮೂಸಿದಳು. ಅಲ್ಲ, ಶೇಂಗಾ ಎಣ್ಣೆ. ಅಂಚಿನಲ್ಲಿ ಒಂದಿಷ್ಟು ಕುಂಕುಮ. ಎಡಗಾಲಿಯಲ್ಲೂ ಹಾಗೆಯೇ.

ಬೆಳಿಗ್ಗೆ ಗಾಡಿಗೆ ಪೂಜೆಯಾಗಿತ್ತು. ತಂಡದ ನಾಯಕಿ ಅನ್ನಪೂರ್ಣಾಳ ತಾಯಿ ಕೆಂಚವ್ವ ರೊಟ್ಟಿ ಬುಟ್ಟಿ, ಹೂವು, ಕಾಯಿ ಹಿಡಿದುಕೊಂಡು ದಾಂಡೇಲಿಯಿಂದ ಬಂದಿದ್ದಳು. ಧಾರವಾಡದ ಕಡೆಯ ಒಕ್ಕಲು ಮನೆಯಲ್ಲಿ ಹುಟ್ಟಿ, ಕಾಗದದ ಕಾರ್ಖಾನೆಯ ನೌಕರನನ್ನು ಮದುವೆಯಾಗಿ ದಾಂಡೇಲಿಗೆ ಬಂದವಳು. ಒಂದು ಕಾಯಿ, ಒಂದು ನಿಂಬೆಹಣ್ಣು, ಅಷ್ಟೇ ಎಂದು ಈರೇಶ ಸರ್ ಮೊದಲೇ ತಾಕೀತು ಮಾಡಿದ್ದರು. ಎಲ್ಲರೂ ರೊಟ್ಟಿ ತಿನ್ನುವಾಗ ಕೆಂಚವ್ವ ಬಟ್ಟಲು ಹಿಡಿದು ಗಾಲಿಯ ಬಳಿ ಕುಕ್ಕರಗಾಲಲ್ಲಿ ಕೂತದ್ದನ್ನು ಅಸ್ಮಾ ನೋಡಿದ್ದಳು. ಕುಂಕುಮ ಹಚ್ಚುತ್ತಿದ್ದಾಳೆ ಎಂದುಕೊಂಡಿದ್ದಳು.

ಬಿಲ್ಲೆ ಒರೆಸಿ ಸುಮ್ಮನಿದ್ದರೆ? ಆದರೆ ಬಿಲ್ಲೆಯನ್ನು ಅದುಮಿ ಹಿಡಿಯುವ ಪ್ಯಾಡುಗಳು ಎಣ್ಣೆ ಕುಡಿದಿದ್ದವು. ಹೊಸವು ಬೇಕು, ಯಾಕೆ ಎಂದು ಕೇಳುತ್ತಾರೆ. ಪೂಜೆಯಿಂದ ಬ್ರೇಕ್ ಕೆಟ್ಟಿತು ಎಂಬ ಮಾತು ತನ್ನ ಬಾಯಿಂದ ಹೊರಟರೆ ಅದು ಎಲ್ಲೆಲ್ಲಿ ತಿರುಗಿ ಯಾವ ರೂಪದಲ್ಲಿ ಬಂದೀತು ಎಂದು ಅಸ್ಮಾ ಯೋಚಿಸಿದಳು. ಆ ತಂಡದಲ್ಲಿ ಅವಳೊಬ್ಬಳೇ ಮುಸ್ಲಿಂ. ಅದಕ್ಕಿಂತ ಹೆಚ್ಚಾಗಿ ಕೆಂಚವ್ವನ ಮುಖ ಕಣ್ಣ ಮುಂದೆ ಬಂತು. ಒಮ್ಮೆ ಗುರೆಳ್ಳು ಚಟ್ನಿ ಚೆನ್ನಾಗಿದೆ ಎಂದದ್ದಕ್ಕೆ ಪ್ರತಿಸಲವೂ ಅವಳಿಗೆಂದೇ ಒಂದು ಡಬ್ಬಿ ತರುವ ಹೆಂಗಸು.

ಲೆಕ್ಕ ತಪ್ಪಿತೆಂದು ಒಪ್ಪಿ ಕಂಬಿ ಸರಿಸುವುದೇ ಸುಲಭ. ಇವತ್ತು ಹೇಗೋ ನಾಲ್ಕೂ ಹಿಡಿದಾವು. ಆದರೆ ನಾಲ್ಕು ಸುತ್ತು ಓಡಿ ಎಣ್ಣೆ ಸುಟ್ಟುಹೋದ ಮೇಲೆ ಮುಂದಿನ ಗಾಲಿ ವಿಪರೀತ ಹಿಡಿದು, ಹಿಂದಿನದು ಹಿಡಿಯದೆ ಹೋಗುತ್ತದೆ. ಆಗ ಆ ಸೀಟಿನಲ್ಲಿ ಕೂತಿರುವವನು ಶಿವಲಿಂಗ.

ಅವಳು ಕೈ ಒರೆಸಿಕೊಂಡು ಹೊರಗೆ ಹೋದಳು. ಕೆಂಚವ್ವ ಸಾಗವಾನಿ ಮರದ ಕೆಳಗೆ ರೊಟ್ಟಿ ಬುಟ್ಟಿಗೆ ಬಟ್ಟೆ ಕಟ್ಟುತ್ತಿದ್ದಳು.

"ಕಾಕು, ಗಾಲಿಗೆ ಎಣ್ಣಿ ಬಿಟ್ಟೀರೇನ್ರಿ?"

"ಹೂಂ ನಮ್ಮವ್ವ. ಒಣಾ ಗಾಲಿ ದಾರಿಗೆ ಹಚ್ಚಬಾರ್ದು ಅಂತಿದ್ದ ನಮ್ಮಪ್ಪ. ಚಕ್ಕಡಿ ಹೂಡೂಕಿಂತ ಮೊದಲ ಕೀಲೆಣ್ಣಿ. ಹಿಂದಿನವಕ್ಕ ಕೈ ಹೋಗಲಿಲ್ಲ ನೋಡು, ಎಲ್ಲಾ ಒಳಗ ಮುಚ್ಚಿಟ್ಟೀರಿ."

ಅಸ್ಮಾ ಅವಳ ಪಕ್ಕ ಕೂತಳು. "ನಿಮ್ಮ ಚಕ್ಕಡಿನ ಇಳಕಲಿನಾಗ ಹೆಂಗ ತಡೀತಿದ್ರಿ?"

"ಗಾಲಿ ಹಿಂದ ಒಂದ ಕಟ್ಟಿಗಿ ಇರ್ತಿತ್ತು. ಹಗ್ಗ ಜಗ್ಗಿದ್ರ ಗಾಲಿ ಹಳಿಗೆ ಒತ್ತತಿತ್ತು."

"ಆ ಕಟ್ಟಿಗಿಗೆ ಎಣ್ಣಿ ಬಿದ್ರ?"

"ಜಾರಿ, ಗಾಡಿ ಎತ್ತಿನ ಮ್ಯಾಲೆ ಬರ್ತಿತ್ತು," ಎಂದ ಕೆಂಚವ್ವ ಗಂಟು ಬಿಗಿಯುತ್ತಿದ್ದ ಕೈ ನಿಲ್ಲಿಸಿದಳು. ವರ್ಕ್‌ಶಾಪಿನ ಕಡೆ ನೋಡಿದಳು. "ಹಂಗಾತೇನು?"

ಅಸ್ಮಾ ಹೌದೆಂದು ತಲೆಯಾಡಿಸಿದಳು. ಯಾರಿಗೂ ಗೊತ್ತಾಗುವುದು ಬೇಡ, ತನ್ನ ಕೈತಪ್ಪಿ ಎಣ್ಣೆ ಬಿತ್ತೆಂದು ಹೇಳಿಬಿಡುತ್ತೇನೆ ಎಂದಳು.

"ಯಾಕ? ನಾ ಬಿಟ್ಟ ಎಣ್ಣಿ ನಿನ್ನ ಹೆಸರಿಗೆ ಯಾಕ?" ಕೆಂಚವ್ವ ಸೆರಗು ಸಿಕ್ಕಿಸಿಕೊಂಡು ಎದ್ದಳು.

ಚಹಾ ಮುಗಿಸಿ ಬಂದವರ ಮುಂದೆ ಅವಳು ಪಲ್ಯಕ್ಕೆ ಉಪ್ಪು ಹೆಚ್ಚಾಯಿತು ಎನ್ನುವಷ್ಟೇ ಸಹಜವಾಗಿ ನಡೆದದ್ದನ್ನು ಹೇಳಿದಳು. ಅನ್ನಪೂರ್ಣಾಳ ಮುಖ ಕೆಂಪಾಯಿತು. ನಿನಗೆ ಇದನ್ನು ಯಾರು ಮಾಡಲು ಹೇಳಿದ್ದರು ಎಂದು ತಾಯಿಯ ಮೇಲೆ ಹರಿಹಾಯ್ದಳು.

"ಯಾರೂ ಹೇಳಲಿಲ್ಲ, ನಾನೂ ಯಾರನ್ನೂ ಕೇಳಲಿಲ್ಲ. ಅದಕ್ಕ ಹಿಂಗಾತು," ಎಂದಳು ಕೆಂಚವ್ವ. "ಈಗ ಏನ್ ಮಾಡಬೇಕು ಅದನ್ನ ಹೇಳ್ರಿ."

ಶಿವಲಿಂಗ ಗಂಭೀರವಾಗಿ ಕೇಳಿದ: "ಕಾಕು, ಎಂಜಿನ್ನಿಗೆ ಏನರ ಹಾಕೀರೇನು? ತುಪ್ಪಾ?"

ಅನ್ನಪೂರ್ಣಾಳಿಗೂ ನಗು ತಡೆಯಲಾಗಲಿಲ್ಲ. ಹೊಸ ಪ್ಯಾಡು ತರಲು ಶಿವಲಿಂಗ ಬೈಕ್ ತೆಗೆದುಕೊಂಡು ಪೇಟೆಗೆ ಹೋದ. ಕಬ್ಬಿನ ಟ್ರ್ಯಾಕ್ಟರುಗಳ ಸಾಲಿನಲ್ಲಿ ಸಿಕ್ಕಿಕೊಂಡು ತಡವಾಗಿ ಬಂದವನು ಪ್ಯಾಡುಗಳನ್ನು ಅಸ್ಮಾಳ ಕೈಗೇ ಕೊಟ್ಟ. ಲೆಕ್ಕದ ಮಾತು ಎತ್ತಲಿಲ್ಲ.

"ಕಂಬಿ ಇದ್ದಲ್ಲೇ ಇರಲೇನು?" ಎಂದಷ್ಟೇ ಕೇಳಿದ.

"ಇರಲಿ."

ಅವಳು ಬಿಲ್ಲೆಗಳನ್ನು ತೊಳೆದು, ಕಾಗದದಿಂದ ಒರೆಸಿ, ಕಾಗದ ಬೆಳ್ಳಗೇ ಉಳಿಯುವವರೆಗೆ ಮತ್ತೆ ಒರೆಸಿದಳು. ಹೊಸ ಪ್ಯಾಡು ಬಿಲ್ಲೆಗೆ ಹೊಂದಿಕೊಳ್ಳಬೇಕು. ಅದಕ್ಕಾಗಿ ಶಿವಲಿಂಗ ಹಿಂದಿನ ರಸ್ತೆಯಲ್ಲಿ ಗಾಡಿಯನ್ನು ಮೆಲ್ಲಗೆ ಓಡಿಸುತ್ತ, ಹಗುರಾಗಿ ಬ್ರೇಕ್ ಹಿಡಿಯುತ್ತ, ಬಿಡುತ್ತ ತಿರುಗಿದ.

ಬಿಸಿಲು ಇಳಿಯುವಾಗ ಈರೇಶ ಸರ್ ಬಂದರು. ಗಾಡಿ ವೇಗವಾಗಿ ಬಂದು, ಒಮ್ಮೆ ಕಿರುಚಿ, ನೇರವಾಗಿ ನಿಂತಿತು. ಹಿಂದೆ ನಾಲ್ಕು ಕಪ್ಪು ಗೆರೆ. ಹುಡುಗರು ಚಪ್ಪಾಳೆ ತಟ್ಟಿದರು. ಸರ್ ತಲೆದೂಗಿ, ನಾಳೆಯ ಲಾರಿಯವನಿಗೆ ಫೋನ್ ಮಾಡಲು ಜೇಬಿಗೆ ಕೈ ಹಾಕಿದರು.

ಅಸ್ಮಾ ಮಾತ್ರ ನೆಲದ ಮೇಲೆ ಕೂತಿದ್ದಳು. ಮುಂದಿನ ಎಡಗಾಲಿಯ ಗೆರೆ ಉಳಿದವುಗಳಿಗಿಂತ ಒಂದು ಗೇಣು ತಡವಾಗಿ ಶುರುವಾಗಿತ್ತು. ಅಷ್ಟು ವ್ಯತ್ಯಾಸಕ್ಕೆ ನಿಯಮದಲ್ಲಿ ಅಡ್ಡಿಯಿರಲಿಲ್ಲ, ಗಾಡಿ ಪಾಸಾಗಿತ್ತು; ಯಾರೂ ಕೇಳುತ್ತಿರಲಿಲ್ಲ.

"ಸರ್," ಎಂದಳು ಎಲ್ಲರಿಗೂ ಕೇಳುವಂತೆ. "ಬ್ರೇಕ್ ಆಯಿಲ್ ಪೈಪಿನಾಗ ಗಾಳಿ ಉಳಿದೈತಿ ಅನಸ್ತೈತ್ರಿ. ಗಾಳಿ ತೆಗೆದು ಇನ್ನೊಮ್ಮೆ ಓಡಿಸೂಣ್ರಿ."

ಪಾಸಾದ ಮೇಲೂ ಪರೀಕ್ಷೆ ಬರೆಯುವವಳು ಇವಳೊಬ್ಬಳೇ ಎಂದು ಶಿವಲಿಂಗ ಗೊಣಗಿದ. ಆದರೂ ಸೀಟಿನಿಂದ ಇಳಿಯಲಿಲ್ಲ. ಗಾಳಿ ತೆಗೆಯುವಾಗ ಪೆಡಲ್ ಒತ್ತಲು ಒಬ್ಬರು ಬೇಕಲ್ಲ. ಸರ್ ಫೋನನ್ನು ಜೇಬಿನಲ್ಲೇ ಬಿಟ್ಟು, ಗೆರೆ ನೋಡಲು ಅವಳ ಪಕ್ಕ ಕೂತರು. ದಾಂಡೇಲಿಯ ಬಸ್ಸಿಗೆ ಹೊತ್ತಾಯಿತು ಎಂದು ಅನ್ನಪೂರ್ಣಾ ತಾಯಿಗೆ ನೆನಪಿಸಿದಳು. ಇದನ್ನು ನೋಡಿಯೇ ಹೋಗುತ್ತೇನೆಂದು ಕೆಂಚವ್ವ ಕಟ್ಟೆಯ ಮೇಲೆ ಕೂತುಬಿಟ್ಟಳು.

"ಒತ್ತು," ಎಂದಳು ಅಸ್ಮಾ ಗಾಲಿಯ ಬಳಿಯಿಂದ. ಶಿವಲಿಂಗ ಒತ್ತಿದ.