ಬೂಷ್ಟಿನ ಮನೆಯ ಕಟ್ಟಳೆ

ಬಾಂಬಿನ ಭಯಕ್ಕೆ ಟೋಕಿಯೋ ಬಿಟ್ಟು ಬಂದ ಕುರಾಮೋಚಿ ಡಾಕ್ಟರು, ಮಿತೊ ಪಟ್ಟಣದ ಹೊರಗೆ, ಸಾಕೆ ಎಂಬ ಅಕ್ಕಿಯ ಮದ್ಯ ಹುದುಗಿಸುತ್ತಿದ್ದು, ಈಗ ಅಕ್ಕಿ ಸಿಗದೆ ನಿಂತುಹೋದ ಒಂದು ಉಗ್ರಾಣದಲ್ಲಿ ತಮ್ಮ ಬೂಷ್ಟಿನ ಸೀಸೆಗಳನ್ನು ಸಾಲಾಗಿ ಇಟ್ಟುಕೊಂಡಿದ್ದರು. ಆ ಬೂಷ್ಟು ಬೆವರಿನಂತೆ ಬಿಡುವ ಹಳದಿ ನೀರಲ್ಲಿ ಕೀವನ್ನೇ ಒಣಗಿಸುವ ಮದ್ದಿತ್ತು. ಹೆಸರು ಪೆನಿಸಿಲಿನ್. ಅದನ್ನು ತೆಗೆಯಬಲ್ಲವರು ಆ ದೇಶದಲ್ಲಿ ಬೆರಳೆಣಿಕೆಯ ಜನ.

ಸೀಸೆ ತೊಳೆಯುವ ಕೆಲಸ ಇಸೆಯದು. ಅದೇ ಉಗ್ರಾಣದಲ್ಲಿ ಮೂವತ್ತು ವರ್ಷ ಸಾಕೆ ಹುದುಗಿಸಿದ ಮೇಸ್ತ್ರಿಯ ವಿಧವೆ ಅವಳು. ಗಂಡ ಇದ್ದಾಗ, ಹೆಂಗಸರು ಒಳಗೆ ಬರಬಾರದೆಂದು, ಅದರ ಹೊಸಿಲು ದಾಟಿದವಳಲ್ಲ. ಈಗ ಬಂದದ್ದು ಮಗಳು ಸವಾಳಿಗಾಗಿ. ಅವಳ ಕಾಲಿನ ಮೂಳೆಗೆ ಕೀವು ಇಳಿದಿತ್ತು. ಮೊದಲು ಇಳಿದ ಮದ್ದು ಅವಳಿಗೇ ಎಂದು ಡಾಕ್ಟರು ಮಾತು ಕೊಟ್ಟಿದ್ದರು.

ಮದ್ದು ಇಳಿಯಬೇಕಲ್ಲ. ಐದು ದಿನ ಬೂಷ್ಟು ಹಸಿರು ಮಖಮಲ್ಲಿನಂತೆ ಹಬ್ಬುವುದು, ಆರನೆಯ ದಿನ ನೀರು ಕದಡಿ ಸತ್ವವೆಲ್ಲ ಹೋಗುವುದು. ಮೂರನೆಯ ಸಲವೂ ಹಾಗಾದ ದಿನವೇ ಆಸ್ಪತ್ರೆಯವರು ಇಸೆಯನ್ನು ಕರೆದು, ಹತ್ತು ದಿನ ನೋಡಿ ತೊಡೆಯಿಂದ ಕತ್ತರಿಸುತ್ತೇವೆ, ಆಮೇಲೂ ಜೀವದ ಭರವಸೆ ಕೊಡಲಾರೆವು ಎಂದರು.

ಮರುದಿನ ಬೆಳಿಗ್ಗೆ ಎಂದಿನಂತೆ ಉಗ್ರಾಣದವರಿಗೆ ಹುಲ್ಲಿನ ಪೊಟ್ಟಣ ಬಿಚ್ಚಿ, ಹುದುಗಿಸಿದ ಸೋಯಾ ಕಾಳು, ನತ್ತೋ, ಬಡಿಸಿದಳು. ಹಸಿದವರಿಗೆ ಅವಳ ಕೈಯಲ್ಲಿ ಕೊಡಲು ಇದ್ದದ್ದು ಅದೊಂದೇ. ಸಹಾಯಕ ನೆಜು ನಕ್ಕ: "ಅಜ್ಜಿ, ನಿಮ್ಮ ನತ್ತೋ ಇಲ್ದಿದ್ರೆ ಸೀಸೆಗಿಂತ ಮೊದ್ಲು ನಮಗೇ ಬೂಷ್ಟು ಹಿಡೀತಿತ್ತು."

ಕೈಗಂಟಿದ ಲೋಳೆಯ ಎಳೆಯನ್ನು ಸೊಂಟಕ್ಕೆ ಕಟ್ಟಿದ ಬಟ್ಟೆಗೆ ಒರೆಸಿಕೊಳ್ಳುತ್ತಿದ್ದ ಇಸೆಯ ಕೈ ಅಲ್ಲೇ ನಿಂತಿತು. ಸಾಕೆ ಹುದುಗುವ ಚಳಿಗಾಲವಿಡೀ ಗಂಡ ಮನೆಯಲ್ಲಿ ನತ್ತೋ ಹೆಸರೆತ್ತಲು ಬಿಡುತ್ತಿರಲಿಲ್ಲ. ಅದರ ಜೀವ ಹುಲ್ಲಲ್ಲೂ ಬರತ್ತೆ, ಬಟ್ಟೆಯಲ್ಲೂ ಬರತ್ತೆ, ಕುದಿಸಿದರೂ ಸಾಯಲ್ಲ, ಹುದುಗಿದ್ದನ್ನೆಲ್ಲ ಹಾಳುಮಾಡತ್ತೆ ಎನ್ನುತ್ತಿದ್ದ. ಸಾಕೆ ನಿಂತಿತು, ಕಟ್ಟಳೆಯೂ ಮರೆತುಹೋಯಿತು.

ಸುಮ್ಮನೆ ನಾಳೆಯಿಂದ ತರದೆ ಇರಬಹುದಿತ್ತು. ಆದರೆ ಗೋಡೆ, ನೆಲ, ಬಟ್ಟೆಗಳಿಗೆ ಹತ್ತಿದ್ದು ಹೇಳದೆ ಹೋಗುತ್ತದೆಯೇ? ಹೇಳಿದರೆ, ಕೊಟ್ಟ ಮಾತನ್ನು ಡಾಕ್ಟರು ಹಿಂದಕ್ಕೆ ತೆಗೆದುಕೊಂಡರೆ? ಇಸೆ ಹೋಗಿ ಅವರೆದುರು ಮಂಡಿಯೂರಿದಳು.

"ಡಾಕ್ಟ್ರೇ, ಮದ್ದು ಕೆಡಿಸ್ತಿರೋದು ನಾನೇ."

ಪೂರಾ ಕೇಳಿದ ಡಾಕ್ಟರು ಪೊಟ್ಟಣದ ಲೋಳೆಯನ್ನೂ ಕೆಟ್ಟ ಸೀಸೆಯ ನೀರನ್ನೂ ಸೂಕ್ಷ್ಮದರ್ಶಕಕ್ಕೆ ಇಟ್ಟು, ಅವಳನ್ನೂ ಕರೆದು ತೋರಿಸಿದರು. ಎರಡರಲ್ಲೂ ಅವೇ ಸಣ್ಣ ಕಡ್ಡಿಗಳು, ಓಡಾಡುತ್ತಿದ್ದವು. ಅರವತ್ತು ವರ್ಷ ಬಾಯಿಗೆ ಹಾಕಿಕೊಂಡದ್ದರೊಳಗೆ ಇಂಥದೊಂದು ಊರಿತ್ತೇ ಎಂದು ಇಸೆ ಮತ್ತೊಮ್ಮೆ ಬಗ್ಗಿ ನೋಡಿದಳು.

"ಮೂರು ವಾರದಿಂದ ಇವನ್ನ ನೋಡ್ತಾನೇ ಇದ್ದೀನಿ, ಎಲ್ಲಿಂದ ಬರ್ತವೆ ಅಂತ ತಿಳೀಲಿಲ್ಲ. ನಿಮ್ಮ ಯಜಮಾನ್ರು ಈ ಗಾಜಿಲ್ದೇನೇ ಕಂಡಿದ್ರಲ್ಲ," ಎಂದ ಡಾಕ್ಟರು, ಸೀಸೆ ತೊಳೆಯುವವಳ ಮುಂದೆ ಹಣೆ ನೆಲಕ್ಕೆ ಮುಟ್ಟುವಂತೆ ಬಾಗಿದರು. "ಇವತ್ತಿಂದ ಬಾಗಿಲು ನಿಮ್ದು. ಕಟ್ಟಳೆ ತಪ್ಪಿದ್ರೆ ನನ್ನೂ ಒಳಗೆ ಬಿಡ್ಬೇಡಿ."

ಹುಲ್ಲೆಲ್ಲ ಸುಟ್ಟರು. ನೆಲ ಗೋಡೆ ಉಜ್ಜಿದರು, ಬಟ್ಟೆ ಬದಲಿಸಿದರು, ಸೀಸೆಗಳನ್ನು ಒತ್ತಡದ ಹಬೆಯಲ್ಲಿ ಬೇಯಿಸಿದರು. ಆರನೆಯ ದಿನ ನೀರು ತಿಳಿಯಾಗಿಯೇ ಇತ್ತು. ಕೀವಿನ ಕ್ರಿಮಿ ಕೆನೆಗಟ್ಟಿದ ತಟ್ಟೆಯಲ್ಲಿ ಡಾಕ್ಟರು ಅದರ ಒಂದು ಹನಿ ಬಿಟ್ಟರು. ಮರುದಿನ ಆ ಹನಿಯ ಸುತ್ತ ಬಳೆಯಗಲ ಕನ್ನಡಿಯಂತೆ ಸ್ವಚ್ಛವಾಗಿತ್ತು. ಯಾರೂ ಗುಡಿಸದೆ, ತೊಳೆಯದೆ. ಇಸೆ ಅರಿವಿಲ್ಲದೆ ಕೈಮುಗಿದಳು.

ಆಸ್ಪತ್ರೆಯವರ ಗಡುವಿನ ಎಂಟನೆಯ ದಿನ ಸವಾಳಿಗೆ ಸೂಜಿ ಶುರುವಾಯಿತು. ಆ ನೀರಿನಿಂದ ತೆಗೆದ ಮದ್ದಿನ ಪುಡಿ ಎರಡು ದಿನಕ್ಕೂ ಸಾಲದು. ಮೈ ಈ ಮದ್ದನ್ನು ಮೂತ್ರದಲ್ಲಿ ಹಾಗೇ ಹೊರಗೆ ಹಾಕುತ್ತದೆ, ಹಿಡಿದು ತಂದರೆ ಮತ್ತೆ ತೆಗೆಯಬಹುದು ಎಂದರು ಡಾಕ್ಟರು. ಇಸೆ ಸೀಸೆಗೆ ಬಟ್ಟೆ ಸುತ್ತಿ ಹೊರಟಾಗ ಸವಾ ಮುಖ ಮುಚ್ಚಿಕೊಂಡಳು.

"ಅಮ್ಮ, ಬೀದೀಲಿ ಯಾರಾದ್ರೂ ಏನದು ಅಂದ್ರೆ?"

"ನನ್ನ ಮಗಳ ಕಾಲು ಅಂತೀನಿ."

ಡಾಕ್ಟರು ಅದನ್ನು ದೇವರ ತೀರ್ಥದಂತೆ ಎರಡೂ ಕೈಯಲ್ಲಿ ಈಸಿಕೊಂಡರು. ಹತ್ತನೆಯ ದಿನ ಶಸ್ತ್ರವೈದ್ಯ ಪಟ್ಟಿ ಬಿಚ್ಚಿ ಮೂಸಿದ, ಕಾಲು ಒತ್ತಿದ, ಜ್ವರದ ಚೀಟಿಯನ್ನು ಎರಡು ಸಲ ನೋಡಿದ. ಹಬೆಗಿಟ್ಟ ಗರಗಸವನ್ನು ತೆಗೆದಿಡಲು ದಾದಿಗೆ ಹೇಳಿ, ಆ ಬೂಷ್ಟಿನ ಮನೆಗೆ ದಾರಿ ಯಾವುದೆಂದು ಇಸೆಯನ್ನು ಕೇಳಿದ.